ಯಾವುದು ನಮ್ಮ ಕಾಯಕ?

ಮಠಕ್ಕೆ ಬರುವ ಹಿರಿಯರು ಹಿಂದೆಲ್ಲ ಮಳೆ ಬೆಳೆಯ ಮಾತು ತರುತ್ತಿದ್ದರು. ಮಗಳ ಲಗ್ನ, ಎತ್ತಿನ ರೋಗ, ಬದುವಿನ ಜಗಳ ಇವೇ ಅವರ ಚಿಂತೆಗಳು. ಈಗ ನಮಸ್ಕರಿಸಿ ಕುಳಿತ ಬಹಳ ಮಂದಿ ಮಕ್ಕಳ ಉದ್ಯೋಗದ ಮಾತನ್ನೇ ಎತ್ತುತ್ತಾರೆ. ‘ಅಜ್ಜಾರ, ಮಗ ಡಿಗ್ರಿ ಮುಗಿಸ್ಯಾನ್ರಿ, ನೌಕರಿ ಹತ್ತವಲ್ದು’ ಎಂದು ಒಬ್ಬರು ಹೇಳಿದರೆ, ‘ನೌಕರಿ ಐತ್ರಿ, ಪಗಾರನೂ ಐತ್ರಿ, ಆದ್ರ ಮನಸ್ಸಿಗೆ ಸಮಾಧಾನ ಇಲ್ಲಂತಾನ್ರಿ’ ಎಂದು ಇನ್ನೊಬ್ಬರು ಹೇಳುತ್ತಾರೆ. ಮೇಲುನೋಟಕ್ಕೆ ಇವು ಎರಡು ದುಃಖಗಳು. ಒಳಹೊಕ್ಕು ನೋಡಿದರೆ ಪ್ರಶ್ನೆ ಒಂದೇ. ಭಗವಂತ ಕೊಟ್ಟ ಈ ಎರಡು ಕೈಗಳು ಯಾವ ಕೆಲಸಕ್ಕಾಗಿ ಬಂದಿವೆ?

ಈ ಪ್ರಶ್ನೆಯನ್ನು ಹನ್ನೆರಡನೆಯ ಶತಮಾನದ ಶರಣರು ಬಹಳ ಆಳವಾಗಿ ಚಿಂತಿಸಿದ್ದರು. ಕಾಯದಿಂದ ಮಾಡುವುದು ಕಾಯಕ. ಬಸವಣ್ಣನವರ ಕಲ್ಯಾಣದಲ್ಲಿ ಅನುಭವ ಮಂಟಪಕ್ಕೆ ಬಂದವರು ಬರಿಗೈಯಲ್ಲಿ ಕುಳಿತವರಲ್ಲ. ಮಾಚಿದೇವರು ಬಟ್ಟೆ ಮಡಿ ಮಾಡುತ್ತಿದ್ದರು. ಚೌಡಯ್ಯನವರು ದೋಣಿ ನಡೆಸುತ್ತಿದ್ದರು. ಕೇತಯ್ಯನವರು ಬಿದಿರು ಸೀಳಿ ಬುಟ್ಟಿ ಹೆಣೆಯುತ್ತಿದ್ದರು. ಸತ್ಯಕ್ಕ ಕಸ ಗುಡಿಸುತ್ತಿದ್ದಳು. ರಾಮಣ್ಣ ದನ ಕಾಯುತ್ತಿದ್ದ. ಬಸವಣ್ಣನವರೇ ಬಿಜ್ಜಳನ ಭಂಡಾರದ ಲೆಕ್ಕ ನೋಡುತ್ತಿದ್ದರು. ಭಂಡಾರದ ಲೆಕ್ಕ ಮೇಲು, ಬೀದಿಯ ಕಸ ಕೀಳು ಎಂಬ ಎಣಿಕೆ ಆ ಮಂಟಪದಲ್ಲಿ ಇರಲಿಲ್ಲ.

ಹಾಗಾದರೆ ಒಂದು ಕೆಲಸ ಕಾಯಕವಾಗುವುದು ಯಾವಾಗ? ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಯ ಕಥೆಯಲ್ಲಿ ಇದಕ್ಕೆ ಉತ್ತರವಿದೆ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನವರ ಕಾಯಕ, ನೆಲಕ್ಕೆ ಉದುರಿದ ಅಕ್ಕಿಯನ್ನು ಆಯ್ದು ತರುವುದು. ಆ ಅಕ್ಕಿಯಿಂದಲೇ ಮನೆಯ ಊಟ, ಜಂಗಮ ದಾಸೋಹ ಎರಡೂ ನಡೆಯಬೇಕು. ಒಂದು ದಿನ ಅವರು ಶಿವಾನುಭವದ ಮಾತಿನಲ್ಲಿ ಮುಳುಗಿ ಕಾಯಕವನ್ನೇ ಮರೆತು ಕುಳಿತರು. ಹೋಗಿ ಎಚ್ಚರಿಸಿದವಳು ಲಕ್ಕಮ್ಮ. ಮತ್ತೊಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಆಗಲೂ ಆ ತಾಯಿ ಸುಮ್ಮನಿರಲಿಲ್ಲ. ಇದು ನಮ್ಮ ಅಗತ್ಯಕ್ಕೆ ಮೀರಿದ್ದು, ಇದ್ದಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ತಿರುಗಿ ಕಳುಹಿಸಿದಳು.

ಈ ಕಥೆಯನ್ನು ಪುರಾಣದಲ್ಲಿ ಕೇಳಿ ತಲೆದೂಗಿ ಎದ್ದು ಹೋಗುವುದು ಸುಲಭ. ಸ್ವಲ್ಪ ನಿಂತು ಯೋಚಿಸಿದರೆ ಇದರಲ್ಲಿ ಮೂರು ಒರೆಗಲ್ಲುಗಳು ಕಾಣುತ್ತವೆ. ಕೆಲಸ ನಮ್ಮ ಕೈಯಿಂದಲೇ ಆಗಬೇಕು. ಜ್ಞಾನದ ಮಾತು ಅದಕ್ಕೆ ನೆಪವಾಗಬಾರದು. ಬಂದದ್ದರಲ್ಲಿ ಪರರಿಗೂ ಪಾಲಿರಬೇಕು. ಸಾಕು ಎನ್ನುವ ಎಲ್ಲೆ ತಿಳಿದಿರಬೇಕು. ಈ ಮೂರೂ ಇದ್ದಲ್ಲಿ ಅಕ್ಕಿ ಆಯುವುದೂ ಕಾಯಕ. ಇವಿಲ್ಲದಿದ್ದರೆ ದೊಡ್ಡ ಕುರ್ಚಿಯ ಮೇಲಿನ ಕೆಲಸವೂ ಹೊಟ್ಟೆಪಾಡು ಮಾತ್ರ. ಪಗಾರ ಬಂದರೂ ಸಮಾಧಾನ ಬಾರದ ಮಕ್ಕಳು ಮೊದಲು ಈ ಒರೆಗಲ್ಲಿಗೆ ತಮ್ಮ ಕೆಲಸವನ್ನು ತಿಕ್ಕಿ ನೋಡಬೇಕು.

ಗುರುತಿಸುವ ಕಣ್ಣು

ಕಾಯಕವನ್ನು ತಾನೇ ಕಂಡುಕೊಳ್ಳುವ ಶಕ್ತಿ ಎಲ್ಲರಿಗೂ ಎಳೆಯ ವಯಸ್ಸಿನಲ್ಲಿ ಇರುವುದಿಲ್ಲ. ಆಗ ಗುರುತಿಸುವ ಹಿರಿಯರು ಬೇಕು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಒಂದು ಮಗು ಹುಟ್ಟಿತು. ಹುಟ್ಟಿನಿಂದಲೇ ಕಣ್ಣಿಲ್ಲ. ಅಂದಿನ ದಿನಗಳಲ್ಲಿ ಕುರುಡು ಮಗು ಎಂದರೆ ಭಿಕ್ಷೆಯ ಜೋಳಿಗೆಯೇ ಗತಿ ಎಂದು ಜನ ತಿಳಿದಿದ್ದರು. ಹಾನಗಲ್ಲ ಕುಮಾರ ಮಹಾಸ್ವಾಮಿಗಳವರು ಆ ಹುಡುಗನ ಕಂಠವನ್ನು ಕೇಳಿದರು. ಇಲ್ಲದ ಕಣ್ಣಿಗಾಗಿ ಮರುಗುತ್ತ ಕೂಡದೆ, ಇದ್ದ ಕಂಠವನ್ನು ಗುರುತಿಸಿದರು. 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಕಟ್ಟಿದ ಆ ಪೂಜ್ಯರು, ಹುಡುಗನಿಗೆ ಸಂಗೀತದ ಶಿಕ್ಷಣ ದೊರೆಯುವಂತೆ ಮಾಡಿದರು. ಆತನೇ ಮುಂದೆ ಗದುಗಿನ ಗಾನಯೋಗಿ ಪಂಚಾಕ್ಷರ ಗವಾಯಿಗಳಾದರು.

ಗವಾಯಿಗಳು ಕಲಿತದ್ದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಕಣ್ಣಿಲ್ಲದವರನ್ನು, ಅನಾಥರನ್ನು ಕೂಡಿಸಿಕೊಂಡು ಅನ್ನವಿಟ್ಟು ಸಂಗೀತ ಕಲಿಸಿದರು. 1944ರಲ್ಲಿ ಅವರು ಲಿಂಗೈಕ್ಯರಾದಾಗ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಭಾರ ಹೊತ್ತವರು ಪುಟ್ಟರಾಜ ಗವಾಯಿಗಳು. ಅವರೂ ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡವರು. ಆಶ್ರಮದ ಮಕ್ಕಳ ಒಂದು ಹೊತ್ತಿನ ಊಟಕ್ಕಾಗಿ ನಾಟಕ ಕಂಪನಿ ನಡೆಸಿದರು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಗ್ರಂಥ ರಚಿಸಿದರು. 2010ರಲ್ಲಿ ಅವರು ಲಿಂಗೈಕ್ಯರಾಗುವ ವೇಳೆಗೆ ಅಲ್ಲಿ ಕಲಿತವರು ನಾಡಿನ ತುಂಬ ಹಾಡುತ್ತಿದ್ದರು, ನುಡಿಸುತ್ತಿದ್ದರು. ಒಬ್ಬ ಹಿರಿಯರು ಒಂದು ಮಗುವಿನ ಕಂಠವನ್ನು ಗುರುತಿಸಿದ್ದರ ಫಲ ಇಷ್ಟು ದೂರ ಹಬ್ಬಿತು.

ಹೊಟ್ಟೆಪಾಡಿನ ಜೊತೆಗೇ ಕಾಯಕ

ನೌಕರಿ ಬಿಟ್ಟುಬಿಡಿ, ಮನಸ್ಸಿಗೆ ಬಂದದ್ದನ್ನು ಮಾಡಿ ಎಂದು ನಾವು ಹೇಳುತ್ತಿಲ್ಲ. ಸಾಲವಿದ್ದವನಿಗೆ, ಮನೆಯಲ್ಲಿ ತಂಗಿಯರಿದ್ದವನಿಗೆ ಆ ಮಾತು ಹೇಳುವುದು ಸರಿಯಲ್ಲ. ಇಂಥವರು ಫ.ಗು. ಹಳಕಟ್ಟಿಯವರ ಬದುಕನ್ನು ನೋಡಬೇಕು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಮುಂಬಯಿಯಲ್ಲಿ ಕಾನೂನು ಓದಿ ವಿಜಾಪುರದಲ್ಲಿ ವಕೀಲರಾದರು. ಮನೆತನಕ್ಕೆ ಆಧಾರವಾದದ್ದು ಆ ವೃತ್ತಿಯೇ. ಆದರೆ ಅವರ ಜೀವ ಹರಿದದ್ದು ತಾಡೋಲೆಗಳ ಕಡೆಗೆ. ಶರಣರ ವಚನಗಳಿದ್ದ ಕಟ್ಟುಗಳು ಎಷ್ಟೋ ಮನೆಗಳ ಜಗಲಿಯ ಮೇಲೆ ವಿಭೂತಿ, ಪತ್ರಿ ಏರಿಸಿಕೊಂಡು ಕುಳಿತಿದ್ದವು. ಪೂಜಿಸುವವರಿದ್ದರು, ಓದುವವರಿರಲಿಲ್ಲ. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಕೂಡಿಹಾಕಿದರು, ನಕಲು ಮಾಡಿದರು, ಪಾಠ ಹೋಲಿಸಿದರು.

1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾಗಿ ಬಂತು. ಮುಂದೆ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯ ತೆರೆದು, ಮರುವರ್ಷ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಈ ಕೆಲಸಕ್ಕಾಗಿ ಸ್ವಂತ ಮನೆಯನ್ನು ಮಾರಿ ಬಾಡಿಗೆ ಮನೆಯಲ್ಲಿ ಇದ್ದರು. 1964ರಲ್ಲಿ ಲಿಂಗೈಕ್ಯರಾದ ಅವರನ್ನು ನಾಡು ವಚನ ಪಿತಾಮಹ ಎಂದು ನೆನೆಯುತ್ತದೆ. ಅವರು ಗೆದ್ದ ದಾವೆಗಳ ಸುದ್ದಿ ಇಂದು ಯಾರ ಬಾಯಲ್ಲೂ ಇಲ್ಲ. ವಕೀಲಿ ಅವರನ್ನು ಸಾಕಿತು. ವಚನಗಳನ್ನು ಅವರು ಸಾಕಿದರು. ಹೊಟ್ಟೆಯ ಕೆಲಸ ಮತ್ತು ಜೀವದ ಕೆಲಸ ಬೇರೆಯಾದಾಗ ಎದೆಗುಂದಬೇಕಾಗಿಲ್ಲ. ದಿನಕ್ಕೆ ಒಂದು ತಾಸಾದರೂ ಜೀವದ ಕೆಲಸಕ್ಕೆ ಮೀಸಲಿಟ್ಟರೆ ಅದು ತಾನಾಗಿ ಬೇರು ಬಿಡುತ್ತದೆ.

ಸದ್ಭಕ್ತರೇ, ಈಗ ಹಿರಿಯರಿಗೆ ಒಂದು ಕಟುವಾದ ಮಾತು ಹೇಳಬೇಕಾಗಿದೆ. ಬಸವ ಜಯಂತಿಯ ದಿನ ಮಾರಯ್ಯ, ಮಾಚಯ್ಯ, ಕೇತಯ್ಯ ಎಂದು ಕೊಂಡಾಡುತ್ತೇವೆ. ಮರುದಿನ ಅದೇ ಕೆಲಸ ಮಾಡುವವನು ಮನೆಗೆ ಬಂದರೆ ಹೊರಗಿನ ಕಟ್ಟೆಯ ಮೇಲೆ ಕೂಡಿಸುತ್ತೇವೆ. ಒಕ್ಕಲುತನ ಮಾಡುವ ಹುಡುಗನಿಗೆ ಹೆಣ್ಣು ಕೊಡಲು ಹಿಂದೆ ಮುಂದೆ ನೋಡುತ್ತೇವೆ. ಹತ್ತು ಎಕರೆ ಹೊಲದಲ್ಲಿ ನಿಷ್ಠೆಯಿಂದ ದುಡಿಯುವ ಮಗನಿಗೆ ‘ಏನೂ ಆಗಲಿಲ್ಲ, ಮನೆಯಾಗ ಅದಾನ’ ಎನ್ನುತ್ತೇವೆ. ಈ ಮಾತು ಕೇಳಿ ಬೆಳೆದ ಹುಡುಗನಿಗೆ ತನ್ನ ಕೈಯ ಮೇಲೆ ಗೌರವ ಬರುವುದಾದರೂ ಹೇಗೆ? ನಮ್ಮ ಮಕ್ಕಳು ದಾರಿ ತಪ್ಪಿದ್ದಾರೆ ಎನ್ನುವ ಮೊದಲು, ಅವರ ದಾರಿಗೆ ಅಡ್ಡ ಬಿದ್ದವರು ಯಾರು ಎಂದು ಕೇಳಿಕೊಳ್ಳಬೇಕು.

ನೌಕರಿ ಸಿಗದೆ ಕುಳಿತ ಮಗನನ್ನು ದಿನಾಲೂ ಹಂಗಿಸುವ ಬದಲು ಹತ್ತಿರ ಕೂಡಿಸಿಕೊಂಡು ಎರಡು ಪ್ರಶ್ನೆ ಕೇಳಿರಿ. ಯಾವ ಕೆಲಸದಲ್ಲಿದ್ದಾಗ ನಿನಗೆ ಹಸಿವು ಮರೆಯುತ್ತದೆ? ಊರವರು ಯಾವ ಕೆಲಸಕ್ಕೆ ನಿನ್ನನ್ನು ಹುಡುಕಿಕೊಂಡು ಬರುತ್ತಾರೆ? ಒಬ್ಬನನ್ನು ಪಂಪ್‌ಸೆಟ್ ಕೆಟ್ಟಾಗ ಕರೆಯುತ್ತಾರೆ. ಇನ್ನೊಬ್ಬನ ಹತ್ತಿರ ಓಣಿಯ ಮಕ್ಕಳು ಲೆಕ್ಕ ಹೇಳಿಸಿಕೊಳ್ಳಲು ಬರುತ್ತಾರೆ. ಎರಡು ಪ್ರಶ್ನೆಗೂ ಒಂದೇ ಉತ್ತರ ಬಂದರೆ, ಆ ಕೆಲಸವನ್ನು ನೆಟ್ಟಗೆ ಕಲಿಯಲು ವರ್ಷ ಎರಡು ವರ್ಷ ಅವಕಾಶ ಕೊಡಿರಿ. ಹೆಣ್ಣುಮಕ್ಕಳಿಗೂ ಇದೇ ಪ್ರಶ್ನೆಗಳನ್ನು ಕೇಳುವುದನ್ನು ಮರೆಯಬೇಡಿರಿ. ಲಕ್ಕಮ್ಮನಂಥ ತಾಯಂದಿರ ವಿವೇಕದಿಂದಲೇ ಕಲ್ಯಾಣದ ಕಾಯಕ ನಿಂತಿತ್ತು.

ಹೊಲ ಮಗನ ಕೈಗೆ ಕೊಟ್ಟೆವು, ಇನ್ನು ನಮ್ಮದೇನಿದೆ ಎನ್ನುವ ಹಿರಿಯರೂ ಇದ್ದಾರೆ. ಕಾಯಕಕ್ಕೆ ನಿವೃತ್ತಿ ಎಂಬುದಿಲ್ಲ. ಮಣ್ಣು ನೋಡಿ ಹದ ಹೇಳುವ ಕಣ್ಣು, ಬೀಜ ಆರಿಸುವ ಕೈ, ಭಜನೆಯ ಪದಗಳು, ಜಗಳ ಬಗೆಹರಿಸುವ ಮಾತು ಇವೆಲ್ಲ ನಿಮ್ಮೊಡನೆ ಹೋಗಿಬಿಟ್ಟರೆ ಊರಿಗೆ ನಷ್ಟ. ಒಬ್ಬ ಮೊಮ್ಮಗನಿಗಾದರೂ ಕಲಿಸಿರಿ. ಅದೇ ನಿಮ್ಮ ದಾಸೋಹ.

ಯಾರ ಮನೆಯಲ್ಲಿ ಯಾವ ಕೈಯೂ ಹೀನಾಯದ ಮಾತಿಗೆ ಗುರಿಯಾಗುವುದಿಲ್ಲವೋ ಆ ಮನೆ ಕಲ್ಯಾಣವೇ ಸರಿ. ಎಲ್ಲರಿಗೂ ಅವರವರ ಕಾಯಕ ದೊರೆಯಲಿ, ದೊರೆತ ಕಾಯಕದಲ್ಲಿ ನಿಷ್ಠೆ ನೆಲೆಸಲಿ ಎಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.