ಮೊಮ್ಮಗನ ಸೂಜಿ, ಮುತ್ಯಾನ ಎದೆ

ಶಹಾಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಮುತ್ಯಾ ಒಬ್ಬರು ಹೈಸ್ಕೂಲಿಗೆ ಹೋಗುವ ಮೊಮ್ಮಗಳ ಕೈಯಲ್ಲಿ ಪತ್ರ ಬರೆಸಿದ್ದಾರೆ. ‘ಸಣ್ಣ ಮೊಮ್ಮಗಗ ಒಂಬತ್ತು ತಿಂಗಳು ತುಂಬಲಿಕ್ಕ ಬಂದದ. ನಿಮೋನಿಯಾ ಸೂಜಿ ಎರಡು ಸಲ ಮಾಡ್ಯಾರ, ಇನ್ನೊಂದು ಅದ ಅಂತಾರ. ಕೂಸು ಗಟ್ಟಿಮುಟ್ಟ ಅದ. ಹೋದ ಚಳಿಗಾಲದಾಗ ನಿಮೋನಿಯಾ ಆಗಿ ದವಾಖಾನಿ ಸೇರಿದಾಂವ ನಾನು. ಸೂಜಿ ಅವನಿಗ್ಯಾಕ್ರಿ?’

ಈ ಪ್ರಶ್ನೆ ಓದಿ ನಾನು ಎರಡು ದಿನ ಖುಷಿಯಲ್ಲಿದ್ದೆ. ಮುತ್ಯಾ, ಆ ಸೂಜಿ ಚುಚ್ಚಿದ್ದು ಮೊಮ್ಮಗನ ತೊಡೆಗೆ, ನಿಜ. ಅದರಲ್ಲಿ ನಿಮ್ಮ ಪಾಲೂ ಇದೆ.

ಸೂಜಿಯ ಹೆಸರು ಪಿಸಿವಿ. ಅದು ತಡೆಯುವುದು ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾವನ್ನು. ಸೂಕ್ಷ್ಮದರ್ಶಕದಲ್ಲಿ ಇವು ಎರಡೆರಡಾಗಿ ಅಂಟಿಕೊಂಡ ಕಾಳಿನಂತೆ ಕಾಣುತ್ತವೆ. ಇವುಗಳ ಖಾಯಂ ವಿಳಾಸ ಶ್ವಾಸಕೋಶವೆಂದು ಬಹಳ ಜನ ತಿಳಿದಿದ್ದಾರೆ. ಅಲ್ಲ, ಮೂಗಿನ ಹಿಂಬದಿ. ಅದರಲ್ಲೂ ಎಳೆಯ ಮಕ್ಕಳ ಮೂಗು. ಸುರಪುರದ ಯಾವುದೇ ಅಂಗನವಾಡಿಗೆ ಹೋಗಿ, ಸಿಂಬಳ ಸುರಿಸಿಕೊಂಡು ನಗುತ್ತ ಕುಣಿಯುವ ಹತ್ತು ಮಕ್ಕಳನ್ನು ನೋಡಿ. ಅವರಲ್ಲಿ ಹಲವರ ಮೂಗಿನಲ್ಲಿ ಈ ಬಾಡಿಗೆದಾರ ಇರುತ್ತಾನೆ, ತಂಟೆ ಮಾಡದೆ. 1880ರಲ್ಲಿ ಅಮೆರಿಕದ ಸೇನಾ ವೈದ್ಯ ಜಾರ್ಜ್ ಸ್ಟರ್ನ್‌ಬರ್ಗ್ ತನ್ನದೇ ಉಗುಳನ್ನು ಮೊಲಗಳಿಗೆ ಚುಚ್ಚಿದ. ಉಗುಳಿನಲ್ಲಿದ್ದ ಇದೇ ಬ್ಯಾಕ್ಟೀರಿಯಾದಿಂದ ಮೊಲಗಳು ಸತ್ತವು, ವೈದ್ಯ ಆರಾಮವಾಗಿದ್ದ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಕೂಡ ಈ ಬ್ಯಾಕ್ಟೀರಿಯಾವನ್ನೇ ಕಂಡ. ಇಬ್ಬರೂ 1881ರಲ್ಲಿ ಪ್ರಕಟಿಸಿದರು.

ಕೂಸಿಗೆ ತಂಟೆ ಮಾಡದ ಬಾಡಿಗೆದಾರ ಮುತ್ಯಾನ ತೊಡೆಯೇರಿ ಕೆಮ್ಮಿದ ಕೂಸಿನಿಂದ ಮುತ್ಯಾನ ಮೂಗಿಗೆ ದಾಟುತ್ತಾನೆ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಬೀಡಿ ಸೇದಿ ಸವೆದ ಎದೆಯಲ್ಲಿ ಅವನು ಕೆಳಗಿಳಿಯುತ್ತಾನೆ. ಮುಂದಿನದು ದವಾಖಾನೆ.

ಈಗ ನನ್ನನ್ನು ಕುಣಿಸಿದ ಲೆಕ್ಕ. ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಹಸುಗೂಸುಗಳಿಗೆ ಪಿಸಿವಿ ಶುರುವಾಯಿತು. ಸುಮಾರು ಹತ್ತು ವರ್ಷದ ನಂತರ ಇಡೀ ದೇಶದ ಆಸ್ಪತ್ರೆ ದಾಖಲಾತಿಗಳನ್ನು ಹಿಂದಿನ ವರ್ಷಗಳ ಜೊತೆ ಹೋಲಿಸಿ ನೋಡಿದರು. ವರ್ಷಕ್ಕೆ ಸುಮಾರು 1 ಲಕ್ಷ 68 ಸಾವಿರ ನ್ಯುಮೋನಿಯಾ ದಾಖಲಾತಿಗಳು ಕಡಿಮೆಯಾಗಿದ್ದವು. ಎರಡು ವರ್ಷದೊಳಗಿನ ಮಕ್ಕಳ ಪಾಲು ಅದರಲ್ಲಿ ಸುಮಾರು 47 ಸಾವಿರ. 85 ದಾಟಿದ ಮುದುಕ ಮುದುಕಿಯರ ಪಾಲು? 73 ಸಾವಿರ! ಸೂಜಿ ಚುಚ್ಚಿಸಿಕೊಂಡು ಅತ್ತದ್ದು ಮೊಮ್ಮಕ್ಕಳು, ಆಸ್ಪತ್ರೆ ತಪ್ಪಿಸಿಕೊಂಡದ್ದು ಹೆಚ್ಚಾಗಿ ಮುತ್ಯಾ-ಅಜ್ಜಿಯರು. ಮಕ್ಕಳ ಮೂಗು ಖಾಲಿಯಾದರೆ ಊರಿನಲ್ಲಿ ಈ ಬ್ಯಾಕ್ಟೀರಿಯಾದ ಓಡಾಟವೇ ಕುಂದುತ್ತದೆ.

ಅಲ್ಲಿ ಎಣಿಸಿದ್ದು ಎಲ್ಲ ಬಗೆಯ ನ್ಯುಮೋನಿಯಾವನ್ನು; ನ್ಯುಮೋಕಾಕಸ್‌ನಿಂದ ಬಂದದ್ದನ್ನಷ್ಟೇ ಅಲ್ಲ. ಯಾಕೆಂದರೆ ಈ ಕಳ್ಳ ಸಾಕ್ಷಿ ಉಳಿಸುವುದಿಲ್ಲ. ತನ್ನ ಗೋಡೆಯನ್ನೇ ಕರಗಿಸುವ ಒಂದು ಕಿಣ್ವವನ್ನು ಇದು ಒಳಗೇ ಇಟ್ಟುಕೊಂಡಿದೆ. ಗುಂಪು ಬೆಳೆದು ಒತ್ತೊತ್ತಾದಾಗ ಒಂದೊಂದೇ ಒಡೆದು ಸಾಯುತ್ತದೆ. ರಕ್ತದ ಮಾದರಿ ಲ್ಯಾಬಿನಲ್ಲಿ ಕಾದು ಕೂತರೆ ಸಿಗುವುದು ಬರೀ ಚೂರು. ನಮ್ಮ ಕಡೆಯಂತೂ ರೋಗಿ ಜಿಲ್ಲಾ ಆಸ್ಪತ್ರೆ ಮುಟ್ಟುವ ಮೊದಲೇ ಅಂಗಡಿಯಿಂದ ತಂದ ಆ್ಯಂಟಿಬಯೋಟಿಕ್ ನುಂಗಿರುತ್ತಾನೆ. ಬ್ಯಾಕ್ಟೀರಿಯಾ ಬೆಳೆಯುವುದೆಲ್ಲಿ? ರಿಜಿಸ್ಟರಿನಲ್ಲಿ ಬರೀ ‘ನ್ಯುಮೋನಿಯಾ’ ಎಂದು ಬೀಳುತ್ತದೆ.

ಲಸಿಕೆಯ ಒಳಗುಟ್ಟು ಇನ್ನೂ ಚೆಂದ. ನ್ಯುಮೋಕಾಕಸ್ ಸಕ್ಕರೆಯ ಅಂಗಿ ತೊಟ್ಟಿರುತ್ತದೆ. ಕೃಷ್ಣೆಯಲ್ಲಿ ಹಾವುಮೀನು ಹಿಡಿಯಲು ಹೋದವರಿಗೆ ಗೊತ್ತು, ಕೈಗೆ ಸಿಕ್ಕಿದ್ದೂ ಜಾರುತ್ತದೆ. ನಮ್ಮ ಬಿಳಿರಕ್ತಕಣಗಳ ಪಾಡೂ ಅದೇ. ನೂರಕ್ಕೂ ಹೆಚ್ಚು ಬಗೆಯ ಅಂಗಿಗಳಿವೆ. ಆ ಸಕ್ಕರೆಯನ್ನಷ್ಟೇ ಚುಚ್ಚಿದರೆ ದೊಡ್ಡವರ ದೇಹ ಗುರುತು ಹಿಡಿಯುತ್ತದೆ, ಎರಡು ವರ್ಷದೊಳಗಿನ ಕೂಸಿನದು ಹಿಡಿಯುವುದಿಲ್ಲ. ಅದಕ್ಕೆ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಕಟ್ಟಿದರು. ನಾವು ಕಹಿ ಗುಳಿಗೆಯನ್ನು ಬೆಲ್ಲದಲ್ಲಿಟ್ಟು ಕೂಸಿಗೆ ನುಂಗಿಸುತ್ತೇವಲ್ಲ, ಅದರ ತಿರುವುಮುರುವು: ಇಲ್ಲಿ ಸಿಹಿಯನ್ನು ಒಪ್ಪಿಸಲು ಬೇರೊಂದರ ಜೊತೆ ಬೇಕು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ 2020ರ ಕೊನೆಗೆ ತಂದ ಲಸಿಕೆಯಲ್ಲಿ ಹತ್ತು ಬಗೆಯ ಅಂಗಿಗಳಿವೆ. ಉಳಿದ ಅಂಗಿಯವರು ಖಾಲಿ ಜಾಗಕ್ಕೆ ನುಗ್ಗುವುದೂ ಉಂಟು. ಇಂಗ್ಲೆಂಡಿನಲ್ಲಿ ಹಾಗೇ ಆಯಿತು.

ನಮ್ಮ ದೇಶದಲ್ಲಿ 2017ರಲ್ಲಿ ಹಿಮಾಚಲ, ಬಿಹಾರದ ಕಡೆ ಶುರುವಾದ ಪಿಸಿವಿ 2021ರಲ್ಲಿ ಎಲ್ಲ ಕಡೆಗೂ ಬಂತು. ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳು. ಖಾಸಗಿಯಲ್ಲಿ ಸಾವಿರಾರು ರೂಪಾಯಿಯ ಸೂಜಿ, ಅಂಗನವಾಡಿಯಲ್ಲಿ ಪುಕ್ಕಟೆ.

ಪುಕ್ಕಟೆ ಸೂಜಿಯನ್ನು ಬಿಟ್ಟು ಬರೆ ಹಾಕಿಸುವವರ ಮೇಲೆ ನನಗೆ ಸಿಟ್ಟಿದೆ. ‘ಕೂಸಿನ ಪಕ್ಕಿ ಹಾರ್ಲಕತ್ಯಾವ’ ಅಂದಕೂಡಲೇ ಕಾದ ಕಬ್ಬಿಣ ಹುಡುಕುವ ಮನೆಗಳು ಇನ್ನೂ ಇವೆ. ಉಸಿರಿಗಾಗಿ ಒದ್ದಾಡುವ ಕೂಸಿಗೆ ಸುಟ್ಟ ಗಾಯದ ಉರಿ ಬೇರೆ! ಹೊಟ್ಟೆಯ ಮೇಲೆ ಆ ಕಲೆ ಹೊತ್ತ ದೊಡ್ಡವರನ್ನು ನಾನೇ ನೋಡಿದ್ದೇನೆ. ‘ಅದರಿಂದಲೇ ಬದುಕಿದೆ’ ಎನ್ನುತ್ತಾರೆ. ಬದುಕದವರು ಬಂದು ಹೇಳುವುದಿಲ್ಲವಲ್ಲ. ಬೇಕಾದದ್ದು ಕಬ್ಬಿಣವಲ್ಲ, ಗಡಿಯಾರ. ಅಂಗಿ ಎತ್ತಿ ಒಂದು ನಿಮಿಷ ಹೊಟ್ಟೆ ಏರಿಳಿಯುವುದನ್ನು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40 ಮುಟ್ಟಿತೆಂದರೆ ದವಾಖಾನೆಗೆ ಹೊರಡಬೇಕು. ಪಕ್ಕೆ ಒಳಗೆ ಸೆಳೆಯುತ್ತಿದ್ದರೆ ಎಣಿಸುತ್ತ ಕೂಡಬಾರದು, ಓಡಬೇಕು.

ಪತ್ರದ ಕೊನೆಯ ಸಾಲಿನಲ್ಲಿ ಮುತ್ಯಾ ಇನ್ನೊಂದು ಮಾತು ಹಾಕಿಸಿದ್ದಾರೆ: ಮಗ ಸೊಸೆ ಕೂಸನ್ನು ಕಟ್ಟಿಕೊಂಡು ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದಾರೆ, ಸಂಕ್ರಾಂತಿಗೆ ಮೈಲಾಪುರ ಜಾತ್ರೆಗೆ ಬರುತ್ತಾರೆ, ಆಗ ಮಾಡಿಸಿದರಾಯಿತೇ ಎಂದು. 2018ರಲ್ಲಿ ಕೇಂದ್ರ ಸರಕಾರ ರಾಯಚೂರಿನ ಜೊತೆ ನಮ್ಮ ಯಾದಗಿರಿಗೂ ‘ಮಹತ್ವಾಕಾಂಕ್ಷಿ ಜಿಲ್ಲೆ’ ಎಂದು ಹೆಸರಿಟ್ಟಿತು. ಆ ದೊಡ್ಡ ಹೆಸರಿನ ಅರ್ಥ ಏನೆಂದು ದುಡಿಯಲು ಹೊರಟವರಿಂದ ತುಂಬಿದ ಬೆಂಗಳೂರು ಬಸ್ಸಿನ ಸೀಟುಗಳನ್ನು ನೋಡಿದರೆ ತಿಳಿಯುತ್ತದೆ. ಅಲ್ಲಿ ಕೆಲಸದ ಜಾಗದ ತಗಡಿನ ಶೆಡ್ಡಿನಲ್ಲಿ ಹತ್ತೂರಿನ ಮಕ್ಕಳು ಒಟ್ಟಿಗೆ ಮಲಗುತ್ತವೆ, ಹತ್ತೂರಿನ ಬ್ಯಾಕ್ಟೀರಿಯಾ ಅದಲುಬದಲಾಗುತ್ತವೆ. ಜಾತ್ರೆಗೆ ಬರುವಾಗ ಕೂಸು ಅವನ್ನೂ ತರುತ್ತದೆ.

ಆದ್ದರಿಂದ ಜಾತ್ರೆಯವರೆಗೆ ಕಾಯಬೇಡಿ ಮುತ್ಯಾ. ಮೂರನೆಯ ಸೂಜಿಯನ್ನು ಬೆಂಗಳೂರಿನ ಸರಕಾರಿ ಆರೋಗ್ಯ ಕೇಂದ್ರದಲ್ಲೂ ಮಾಡುತ್ತಾರೆ, ತಾಯಿ ಕಾರ್ಡ್ ತೋರಿಸಿದರೆ ಸಾಕು. ಸೊಸೆ ಅದನ್ನು ಊರಿನ ಟ್ರಂಕಿನಲ್ಲೇ ಇಟ್ಟು ಹೋಗಿದ್ದರೆ, ಪತ್ರ ಬರೆದ ಆ ಹುಡುಗಿಗೆ ಹೇಳಿ ಲಸಿಕೆಯ ಪುಟದ ಫೋಟೊ ತೆಗೆಸಿ ಇವತ್ತೇ ವಾಟ್ಸಾಪ್‌ನಲ್ಲಿ ಕಳಿಸಿ.