ಎತ್ತಿಡುವ ವಾಕರ್ ಉರುಳತೊಡಗಿದ ಬಗೆ

1949ರಲ್ಲಿ ಸ್ವೀಡನ್ನಿನ ಐನಾ ವಿಫಾಲ್ಕ್ ಅವರಿಗೆ ಪೋಲಿಯೊ ತಗುಲಿದಾಗ ವಯಸ್ಸು ಇಪ್ಪತ್ತೊಂದು. ನರ್ಸ್ ತರಬೇತಿ ಅರ್ಧಕ್ಕೇ ನಿಂತಿತು. ಪೋಲಿಯೊ ತಡೆಯುವ ಸಾಲ್ಕ್ ಲಸಿಕೆ ಬರಲು ಇನ್ನೂ ಆರು ವರ್ಷ ಇತ್ತು. ಆದರೂ ಆಕೆ ರೋಗಿಗಳ ನಂಟು ಬಿಡಲಿಲ್ಲ. ಸಮಾಜ ಕಾರ್ಯಕರ್ತೆಯಾಗಿ ಅಂಗವಿಕಲರ ನಡುವೆಯೇ ದುಡಿದರು.

ಅದೇ ವರ್ಷದ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ವಿಲಿಯಂ ಕ್ರಿಬ್ಸ್ ರಾಬ್ ನಡೆಯಲು ನೆರವಾಗುವ ಚೌಕಟ್ಟೊಂದಕ್ಕೆ ಪೇಟೆಂಟ್ ಕೇಳಿದ್ದರು. 1957ರಲ್ಲಿ ಅಮೆರಿಕದಲ್ಲಿ ಚಕ್ರ ಜೋಡಿಸಿದ ಎರಡು ಮಾದರಿಗಳಿಗೂ ಪೇಟೆಂಟ್ ಸಿಕ್ಕಿತು. ಹೀಗಾಗಿ ವಾಕರ್‌ಗೆ ಚಕ್ರ ಹಾಕಿದವರಲ್ಲಿ ವಿಫಾಲ್ಕ್ ಮೊದಲಿಗರಲ್ಲ. ಆದರೆ ಇವತ್ತು ನಾವು ರೋಲೇಟರ್ ಎನ್ನುವ ಸಾಧನ ಅವರದೇ.

ನಾಲ್ಕು ಕಾಲಿನ ಹಳೆಯ ವಾಕರ್‌ನ ಕಷ್ಟ ಬಳಸಿದವರಿಗೇ ಗೊತ್ತು. ಎತ್ತಬೇಕು, ಮುಂದಿಡಬೇಕು, ಹೆಜ್ಜೆ ಹಾಕಬೇಕು, ಮತ್ತೆ ಎತ್ತಬೇಕು. ನಡಿಗೆ ಪ್ರತಿ ಹೆಜ್ಜೆಗೂ ತುಂಡಾಗುತ್ತದೆ, ಭಾರವೆಲ್ಲ ಭುಜಕ್ಕೆ ಬೀಳುತ್ತದೆ. ವರ್ಷಗಟ್ಟಲೆ ಊರುಗೋಲು ಹಿಡಿದ ವಿಫಾಲ್ಕ್ ಅವರ ಭುಜಗಳೂ ಸೋತಿದ್ದವು. 1978ರಲ್ಲಿ ವೆಸ್ಟೆರೋಸ್ ನಗರದಲ್ಲಿದ್ದಾಗ ಚಕ್ರದ ವಾಕರ್‌ನ ತಮ್ಮ ಕಲ್ಪನೆಯನ್ನು ಉದ್ಯಮಗಳಿಗೆ ನೆರವಾಗುವ ನಿಧಿಯೊಂದರ ಮುಂದಿಟ್ಟರು. ಕಂಪನಿಯೊಂದು ಮಾದರಿ ಮಾಡಿಕೊಟ್ಟಿತು. ಅದಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ. ಆದಷ್ಟು ಹೆಚ್ಚು ಜನರಿಗೆ ಅದು ತಲುಪಲಿ ಎಂಬುದು ಅವರ ಬಯಕೆಯಾಗಿತ್ತು. ತಮ್ಮ ನೋವಿನಿಂದಲೇ ಹುಟ್ಟಿದ್ದನ್ನು ಹೀಗೆ ಎಲ್ಲರಿಗೂ ಬಿಟ್ಟುಕೊಡಲು ದೊಡ್ಡ ಮನಸ್ಸು ಬೇಕು. ಐದೇ ವರ್ಷದಲ್ಲಿ, 1983ರಲ್ಲಿ, ಅವರು ತೀರಿಕೊಂಡರು.

ಚಕ್ರದಿಂದ ಎತ್ತುವ ಶ್ರಮ ತಪ್ಪಿತು, ಆದರೆ ಜಾರುವ ಭಯ ಬಂತು. ಹಳೆಯ ವಾಕರ್ ಇಟ್ಟಲ್ಲೇ ನಿಲ್ಲುತ್ತಿತ್ತು. ರೋಲೇಟರ್ ನಿಲ್ಲಬೇಕಾದರೆ ಹಿಡಿದವರೇ ನಿಲ್ಲಿಸಬೇಕು. ಅದಕ್ಕೇ ಸೈಕಲ್ಲಿನಂತೆ ಕೈಗೆಟುಕುವ ಬ್ರೇಕ್. ಸಾಮಾನ್ಯ ಮಾದರಿಗಳಲ್ಲಿ ಲಿವರನ್ನು ಹ್ಯಾಂಡಲ್‌ನತ್ತ ಹಿಂಡಿದರೆ ವೇಗ ತಗ್ಗುತ್ತದೆ, ಕೆಳಕ್ಕೆ ಒತ್ತಿದರೆ ಲಾಕ್ ಆಗುತ್ತದೆ. ಹೊಸದಾಗಿ ಕೊಂಡವರಿಗೆ ಅಂಗಡಿಯವರು ಈ ಎರಡರ ವ್ಯತ್ಯಾಸವನ್ನು ಕೈಯಲ್ಲಿ ಮಾಡಿಸಿಯೇ ಕಳಿಸಬೇಕು. ನಡೆಯುತ್ತ ನಡೆಯುತ್ತ ವೇಗ ಹೆಚ್ಚುವ ಪಾರ್ಕಿನ್ಸನ್ ರೋಗಿಗಳಿಗೆ ತಲೆಕೆಳಗಾದ ಬ್ರೇಕ್ ಇರುವ ಮಾದರಿಗಳಿವೆ. ಅವುಗಳಲ್ಲಿ ಹಿಂಡಿದರಷ್ಟೇ ಚಕ್ರ ಉರುಳುತ್ತದೆ. ಕೈ ಬಿಟ್ಟರೆ ಗಾಡಿ ನಿಲ್ಲುತ್ತದೆ.

ಎತ್ತರದ ಲೆಕ್ಕ ಸರಳ. ನೆಟ್ಟಗೆ ನಿಂತು ತೋಳು ಇಳಿಬಿಟ್ಟಾಗ ಹ್ಯಾಂಡಲ್ ಮಣಿಕಟ್ಟಿನ ಗೆರೆಗೆ ಸಮನಾಗಿರಬೇಕು. ತಗ್ಗಿದ್ದರೆ ಬೆನ್ನು ಬಾಗುತ್ತದೆ, ಕಾಲು ಹಿಂದೆ ಉಳಿದು ಗಾಡಿ ಮುಂದೆ ಓಡುತ್ತದೆ. ನಡೆಯುವವರು ಹಿಂದಿನ ಎರಡು ಚಕ್ರಗಳ ನಡುವೆಯೇ ಇರಬೇಕು. ಹ್ಯಾಂಡಲ್‌ಗೆ ತರಕಾರಿ ಚೀಲ ನೇತುಹಾಕಿದರೆ ತೂಕ ಒಂದೇ ಕಡೆ ವಾಲುತ್ತದೆ. ಬುಟ್ಟಿ ಇರುವುದೇ ಅದಕ್ಕೆ.

ನಮ್ಮ ಮನೆಗಳಲ್ಲಿ ಹೊಸ್ತಿಲು ಮತ್ತು ಒಂದು ಮೆಟ್ಟಿಲು ತಗ್ಗಿನ ಬಚ್ಚಲು ದೊಡ್ಡ ತೊಡಕು. ಓರೆಯಾಗಿ ಬಂದ ಮುಂಚಕ್ರ ಹೊಸ್ತಿಲಿಗೆ ತಾಗಿ ತಟಕ್ಕನೆ ತಿರುಗಿಬಿಡುತ್ತದೆ, ಆಗ ಹಿಡಿದವರು ತತ್ತರಿಸುತ್ತಾರೆ. ಸಣ್ಣ ಇಳಿಜಾರು ಹಲಗೆ ಹಾಕಿಸಬಹುದು, ಬಚ್ಚಲಿಗೆ ಗೋಡೆಯ ಹಿಡಿಕೆಯೇ ಸರಿ. ಮೆಟ್ಟಿಲ ಮೇಲಂತೂ ರೋಲೇಟರ್ ಬೇಡವೇ ಬೇಡ.

ಬಹಳ ಜನ ಎಡವುವುದು ಕೂರುವಾಗ. ಮೊದಲು ಎರಡೂ ಬ್ರೇಕ್ ಲಾಕ್ ಮಾಡಬೇಕು. ಆಮೇಲೆ ತಿರುಗಿ, ಸೀಟಿನ ಅಂಚು ಕಾಲಿನ ಹಿಂಬದಿಗೆ ತಾಗಿದ ಮೇಲೆ ಹ್ಯಾಂಡಲ್ ಹಿಡಿದೇ ಮೆಲ್ಲಗೆ ಕೂರಬೇಕು. ಕುರ್ಚಿಯಿಂದ ಏಳುವಾಗ ಕುರ್ಚಿಯ ಕೈಗಳನ್ನು ಒತ್ತಿ ಏಳಬೇಕೇ ಹೊರತು ರೋಲೇಟರನ್ನು ಜಗ್ಗಬಾರದು. ಆಸ್ಪತ್ರೆಯ ಕಾರಿಡಾರಿನಲ್ಲಿ ಸುಸ್ತಾದ ಅಜ್ಜಿಯನ್ನು ಸೀಟಿನ ಮೇಲೆ ಕೂರಿಸಿ ಹಿಂದಿನಿಂದ ತಳ್ಳಿಕೊಂಡು ಹೋಗುವವರು ಅಕ್ಕರೆಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಸೀಟು ದಣಿವಾರಿಸಿಕೊಳ್ಳಲು ನಿಂತಲ್ಲಿ ಕೂರುವುದಕ್ಕೆ ಮಾತ್ರ, ಪಾದ ಇಡಲು ಅಲ್ಲಿ ಜಾಗವಿಲ್ಲ. ನೆಲಕ್ಕೆ ತಾಗಿದ ಪಾದ ಸಿಕ್ಕಿಕೊಂಡರೆ ಅಜ್ಜಿ ಮುಗ್ಗರಿಸುತ್ತಾರೆ. ತಳ್ಳಿಕೊಂಡೇ ಹೋಗಬೇಕಾದರೆ ಗಾಲಿಕುರ್ಚಿ ಕೇಳಿ ತರಿಸಿಕೊಳ್ಳಬೇಕು.