ಮಕ್ಕಳ ದೀರ್ಘಕಾಲದ ಮಲಬದ್ಧತೆ ಮತ್ತು ಆತ್ಮವಿಶ್ವಾಸದ ಅಳತೆ

ವಾರಕ್ಕೆ 2 ಸಲ ಅಥವಾ ಅದಕ್ಕೂ ಕಡಿಮೆ ಮಲವಿಸರ್ಜನೆ, ನೋವು, ತಡೆಹಿಡಿಯುವಿಕೆ ಮೊದಲಾದ ಲಕ್ಷಣಗಳಲ್ಲಿ ಎರಡಾದರೂ ಒಂದು ತಿಂಗಳ ಕಾಲ ಉಳಿದರೆ, 2016ರ ರೋಮ್ ಮಾನದಂಡದಂತೆ, ಅದನ್ನು ಮಕ್ಕಳ ಮಲಬದ್ಧತೆಯೆಂದು ಪರಿಗಣಿಸುವರು. ಒಮ್ಮೆ ನೊಂದ ಮಗು ಅಂಜಿ ಮಲವನ್ನು ತಡೆಯುವುದು. ತಡೆದ ಮಲದ ನೀರನ್ನು ದೊಡ್ಡಕರುಳು ಹೀರುವುದರಿಂದ ಅದು ಗಟ್ಟಿಯಾಗಿ ಮುಂದಿನ ಸಲದ ನೋವನ್ನು ಹೆಚ್ಚಿಸುವುದು. ಈ ಚಕ್ರವನ್ನು ಮುರಿಯಲು ಮಲವನ್ನು ಮೆದುಗೊಳಿಸುವ ಔಷಧವೂ, ಊಟದ ತರುವಾಯ ಕೆಲವು ನಿಮಿಷ ಶೌಚಕ್ಕೆ ಕುಳಿತುಕೊಳ್ಳುವ ಅಭ್ಯಾಸವೂ ತಿಂಗಳುಗಟ್ಟಲೆ ನಡೆಯಬೇಕು. ಔಷಧವನ್ನು ತಾಯಿ ಕೊಡಬಲ್ಲಳು. ಶಾಲೆಯಲ್ಲಿ ಅವಸರವಾದಾಗ ಎದ್ದು ಹೋಗಬೇಕಾದುದು ಮಾತ್ರ ಮಗುವೇ.

ಆದುದರಿಂದ ‘ಇದು ನನ್ನಿಂದಾಗುವುದು’ ಎಂಬ ನಂಬಿಕೆ ಮಗುವಿನಲ್ಲಿ ಎಷ್ಟಿದೆಯೆಂದು ಅರಿಯುವುದು ಅವಶ್ಯ. ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಅವರು 1977ರಲ್ಲಿ ಈ ನಂಬಿಕೆಯನ್ನು ಶಾಸ್ತ್ರೀಯವಾಗಿ ನಿರೂಪಿಸಿದರು. ಅದನ್ನು ಅಳೆಯುವ ಪ್ರಶ್ನಾವಳಿಯ ವಿಧಾನವನ್ನು 2006ರಲ್ಲಿ ವಿವರಿಸುತ್ತ, ಪ್ರಶ್ನೆಯು ನಿರ್ದಿಷ್ಟ ಕಾರ್ಯವೊಂದನ್ನು ಕುರಿತಿರಬೇಕೆಂದೂ, ‘ಮಾಡುವೆಯಾ’ ಎನ್ನದೆ ‘ಮಾಡಬಲ್ಲೆಯಾ’ ಎಂದು ಕೇಳಬೇಕೆಂದೂ ತಿಳಿಸಿದರು. ಉತ್ತರವನ್ನು 0ಯಿಂದ 100ರವರೆಗಿನ ಅಂಕಗಳಲ್ಲಿ ಪಡೆಯುವರು. ಕಿರಿಯ ಮಕ್ಕಳಿಗೆ ಕ್ರಮವಾಗಿ ಹಿರಿದಾಗುವ ವೃತ್ತಗಳನ್ನು ತೋರಿಸುವುದುಂಟು.

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಇಂಥ ಅಳತೆಯನ್ನು ಬಳಸಲೆಳಸುವವರಿಗೆ ಮೊದಲು ಎದುರಾಗುವುದು ಭಾಷೆಯ ತೊಡಕು. ಇಲ್ಲಿಯ ಅನೇಕ ಮಕ್ಕಳ ಮನೆಮಾತು ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ ಅಥವಾ ಮಲಯಾಳ. ‘ತರಗತಿಯ ನಡುವೆ ಶೌಚಾಲಯಕ್ಕೆ ಹೋಗಬಹುದೆ?’ ಎಂದು ಕೇಳಿದರೆ ಮಗು ಅದನ್ನು ಅನುಮತಿಯ ಪ್ರಶ್ನೆಯೆಂದೇ ತಿಳಿಯುವ ಸಂಭವವುಂಟು. ‘ಬಹುದು’ ಎಂಬ ರೂಪವು ಅನುಮತಿ, ಸಾಧ್ಯತೆ ಎರಡನ್ನೂ ಸೂಚಿಸುವುದಷ್ಟೆ. ಆಗ ನಾವು ಅಳೆದುದು ಉಪಾಧ್ಯಾಯರ ಕಟ್ಟುನಿಟ್ಟನ್ನೇ ಹೊರತು ಮಗುವಿನ ಧೈರ್ಯವನ್ನಲ್ಲ. ‘ಹೋಗಬಲ್ಲೆಯಾ’ ಎಂಬುದು ಅರ್ಥದಲ್ಲಿ ಸರಿಯಾದರೂ ಗ್ರಾಂಥಿಕವಾದುದು. ‘ಟೀಚರಲ್ಲಿ ಕೇಳಿ ಹೋಗ್ಲಿಕ್ಕೆ ನಿನ್ನಿಂದ ಆಗ್ತದಾ?’ ಎಂಬ ಈ ಸೀಮೆಯ ಆಡುಮಾತು ತುಳುವರ ‘ಆಪುಂಡು’ ಎಂಬುದಕ್ಕೂ ಸಮೀಪವಾಗಿದ್ದು, ಕೇಳಬೇಕಾದುದನ್ನೇ ಕೇಳುತ್ತದೆ. ಪ್ರಶ್ನೆಯ ಮುದ್ರೆ ಸಾಕ್ಷ್ಯದ ಮೇಲೆ ಬೀಳುವುದೆಂಬುದು ಇತಿಹಾಸದ ಅಧ್ಯಾಪಕರಾದ ನಮಗೆ ಪರಿಚಿತವಾದ ವಿಷಯ.

ಕಡಿಮೆ ಅಂಕವನ್ನು ಮಗುವಿನ ದೋಷವೆಂದು ಎಣಿಸಕೂಡದು. ಉದಾಹರಣೆಗೆ, ಮನೆಯ ಕುರಿತ ಪ್ರಶ್ನೆಗೆ 80, ಶಾಲೆಯ ಕುರಿತ ಪ್ರಶ್ನೆಗೆ 20 ಎಂದು ಮಗು ತೋರಿಸಿದರೆ, ಶಾಲೆಯ ಶೌಚಾಲಯದ ನೀರು, ಬಾಗಿಲಿನ ಚಿಲಕ, ತರಗತಿಯಲ್ಲಿ ಅನುಮತಿ ದೊರೆಯುವ ರೀತಿ ಇವನ್ನು ಮೊದಲು ವಿಚಾರಿಸತಕ್ಕದ್ದು. ನಾಚಿಕೆಯಿಂದ ಮಗು ಬಾಯಿಬಿಟ್ಟು ಹೇಳಲಾರದ ಮಾತನ್ನು ಅಂಕವು ಹೇಳಿಬಿಡುವುದು. ಈ ಅಳತೆಯ ಮುಖ್ಯ ಪ್ರಯೋಜನ ಇದೇ.